ಹೊರಟವರ ಗಂಟು ಕಾಯುವ ಅಂಜಮ್ಮ

ಶೇಷಾದ್ರಿಪುರದ ಹಳೆಯ ಮಹಡಿ ಮನೆಯೊಂದರ ಮೆಟ್ಟಿಲ ಕೆಳಗೆ ಇನ್ನೂ ಕತ್ತಲೆಯಿದೆ. ಹಾಲಿನ ವ್ಯಾನು ಬಂದು ಹೋಗಿದೆ, ಬೀದಿ ದೀಪ ಆರಿಲ್ಲ. ಅಂಜಮ್ಮ ಅಂಗಡಿಯ ಹಲಗೆಗಳನ್ನು ಒಂದೊಂದಾಗಿ ಕಳಚಿ ಗೋಡೆಗೆ ಒರಗಿಸುತ್ತಾರೆ. ಮುಂದೆ ಒಂದು ಚೊಂಬು ನೀರು ಚೆಲ್ಲುತ್ತಾರೆ. ಆಮೇಲೆ ಒಳಗಿನ ಗೋಡೆಗೆ ಸಾಲಾಗಿ ಹೊಡೆದಿರುವ ಮರದ ಗೂಟಗಳನ್ನು ಒಣ ಬಟ್ಟೆಯಲ್ಲಿ ನಿಧಾನವಾಗಿ ಒರೆಸುತ್ತಾರೆ. ಅಷ್ಟರಲ್ಲಿ ಒಂದು ಆಟೋ ಬಂದು ನಿಲ್ಲುತ್ತದೆ. ಒಳಗೆ ಮಲ್ಲೇಶ್ವರದ ಚೂಡಾಮಣಿಯವರು ತೊಡೆಯ ಮೇಲೆ ಒಂದು ಚೀಲ ಇಟ್ಟುಕೊಂಡು ಕೂತಿದ್ದಾರೆ.

"ಬನ್ನಿ ಅಮ್ಮಾ. ದೂರಾನಾ?" ಎನ್ನುತ್ತಾರೆ ಅಂಜಮ್ಮ. ಎಲ್ಲಿಗೆ ಎಂದು ಕೇಳುವುದಿಲ್ಲ. ಹೊರಟು ನಿಂತವರನ್ನು ಹಾಗೆ ಕೇಳಬಾರದು ಎಂಬುದು ಅವರ ಗಿರಾಕಿಗಳ ನಂಬಿಕೆ.

"ಮಂತ್ರಾಲಯ ಕಣೇ, ಆರಾಧನೆಗೆ. ಗಾಡಿ ಇರೋದು ನಾಡಿದ್ದು. ನಾಡಿದ್ದು ನಂಗೆ ಚಂದ್ರಬಲ ಇಲ್ವಂತೆ. ನಮ್ಮ ಯಜಮಾನ್ರು ಪಂಚಾಂಗ ಹಿಡ್ಕೊಂಡು ಕೂತ್ಬಿಟ್ರು. ಇವತ್ತು ಸೂರ್ಯ ಹುಟ್ಟೋದ್ರೊಳಗೆ ಹೊರಟ್ಬಿಡು ಅಂತ. ಒಂದು ಲೋಟ ಕಾಫಿ ಕುಡಿಯೋಕೂ ಬಿಡ್ಲಿಲ್ಲ."

"ಯಜಮಾನ್ರಿಗೆ ನಾಡಿದ್ದು ಆಗ್ತದಾ?"

"ಅವರಿಗೇನು! ಅವರಿಗೆ ಯಾವಾಗ್ಲೂ ಬಲ ಇರತ್ತೆ. ಇಲ್ದಿರೋದೆಲ್ಲ ನಂಗೇ."

ಅಂಜಮ್ಮ ನಗುತ್ತ ಎರಡೂ ಕೈ ಚಾಚಿ ಚೀಲ ತೆಗೆದುಕೊಳ್ಳುತ್ತಾರೆ, ನೆಲಕ್ಕೆ ತಾಗಿಸದೆ ಒಂದು ಗೂಟಕ್ಕೆ ತೂಗುಹಾಕುತ್ತಾರೆ. ಚೂಡಾಮಣಿಯವರು ಅದೇ ಆಟೋದಲ್ಲಿ ಕಾಫಿ ಕುಡಿಯಲು ಮನೆಗೆ ವಾಪಸು ಹೋಗುತ್ತಾರೆ. ಆದರೆ ಪಂಚಾಂಗದ ಪ್ರಕಾರ ಅವರು ಆಗಲೇ ಹೊರಟಾಗಿದೆ.

ಇದಕ್ಕೆ ಪ್ರಸ್ಥಾನ ಇಡುವುದು ಎನ್ನುತ್ತಾರೆ. ಈಗಿನ ಹುಡುಗರಿಗೆ ಇದು ಗೊತ್ತಿರಲಾರದು. ರೈಲು ಹೊರಡುವ ಹೊತ್ತು ಒಳ್ಳೆಯದಲ್ಲದಿದ್ದರೆ, ಅದಕ್ಕೆ ಮುಂಚೆ ಒಂದು ಒಳ್ಳೆಯ ಗಳಿಗೆ ನೋಡಿ ಪ್ರಯಾಣದ ಗಂಟನ್ನು ಮನೆಯಿಂದ ಆಚೆ, ಹೋಗುವ ದಾರಿಯಲ್ಲಿರುವ ಯಾರದಾದರೂ ಮನೆಯಲ್ಲಿ ಇಟ್ಟು ಬರುವುದು. ಗಂಟು ಹೊಸಿಲು ದಾಟಿದರೆ ಮನುಷ್ಯ ದಾಟಿದ ಹಾಗೆ. ಆಮೇಲೆ ಆ ಗಂಟು ಮತ್ತೆ ಮನೆಗೆ ಬರಕೂಡದು. ಅಲ್ಲಿಂದಲೇ ಊರಿಗೆ ಹೋಗಬೇಕು. ಮಲ್ಲೇಶ್ವರದಿಂದಲೂ ಶೇಷಾದ್ರಿಪುರದಿಂದಲೂ ಸಿಟಿ ಸ್ಟೇಷನ್ನಿಗೆ ಹೋಗುವವರ ದಾರಿಯಲ್ಲಿ ಆ 'ಯಾರದಾದರೂ ಮನೆ' ಎಂದರೆ ಬಹಳ ವರ್ಷದಿಂದ ಈ ಮೆಟ್ಟಿಲ ಕೆಳಗಿನ ಅಂಗಡಿ. ಚಾಮರಾಜಪೇಟೆ, ಬಸವನಗುಡಿಯಿಂದಲೂ ಒಬ್ಬೊಬ್ಬರು ಹುಡುಕಿಕೊಂಡು ಬರುವುದುಂಟು.

ಅಂಜಮ್ಮನ ಕಸುಬು ಇದಲ್ಲ. ಅವರದು ಬ್ಯಾಗು ರಿಪೇರಿ. ಕಿತ್ತುಹೋದ ಜಿಪ್ಪು, ಹರಿದ ಹಿಡಿ, ಬಾಯಿಬಿಟ್ಟ ಹೊಲಿಗೆ, ತುಕ್ಕು ಹಿಡಿದ ಬಕಲು, ಶಾಲೆ ಶುರುವಾಗುವ ತಿಂಗಳಲ್ಲಿ ಮಕ್ಕಳ ಬ್ಯಾಗಿನ ಪಟ್ಟಿ. ದಿನಕ್ಕೆ ನಾಲ್ಕೈದು ಕೆಲಸ ಬಂದರೆ ಅದು ಒಳ್ಳೆಯ ದಿನ. ಹಾಸಿಗೆ ಸುತ್ತಿ ಒಯ್ಯುವ ಹೋಲ್ಡಾಲು ಬರುವುದು ನಿಂತೇ ಹೋಯಿತು. ಈಗ ಬರುವ ಪೆಟ್ಟಿಗೆಗಳಿಗೆ ಚಕ್ರ ಇರುತ್ತದೆ. "ಚಕ್ರ ಮುರಿದ್ರೆ ನನ್ ಹತ್ರ ಔಷಧಿ ಇಲ್ಲ. ಅದು ಪ್ಲಾಸ್ಟಿಕ್ಕು. ಸೂಜಿ ಮಾತು ಕೇಳಲ್ಲ" ಎನ್ನುತ್ತಾರೆ. ಅಂಗಡಿಗೆ ಬೋರ್ಡಿಲ್ಲ. ಹೊಲಿಗೆ ಯಂತ್ರದ ಮೇಲೆ ಒಂದು ಬುದ್ಧನ ಪಟವಿದೆ. ಅದಕ್ಕೆ ಅಂಜಮ್ಮ ಹೂವು ಮುಡಿಸುವುದಿಲ್ಲ, ದೂಳು ಒರೆಸುತ್ತಾರೆ ಅಷ್ಟೆ.

ಪಟ ಹಾಕಿದವರು ಅವರ ಗಂಡ ಲಕ್ಷ್ಮಯ್ಯ. ತೊಗಲಿನ ಪೆಟ್ಟಿಗೆ ಹೊಲಿಯುವುದರಲ್ಲಿ ಅವರ ಕೈ ಹೆಸರಾಗಿತ್ತು. ಆದರೆ ಕೆಲಸ ತರುತ್ತಿದ್ದವರು ಪೆಟ್ಟಿಗೆಯನ್ನು ಅವರ ಕೈಗೆ ಕೊಡುತ್ತಿರಲಿಲ್ಲ. ಫುಟ್‌ಪಾತಿನ ಮೇಲಿಟ್ಟು ಹಿಂದೆ ಸರಿಯುತ್ತಿದ್ದರು. "ನಮ್ ಯಜಮಾನ್ರು ಒಂದಿನ ಎಲ್ಲಾ ದೇವರ ಪಟಾನೂ ತೆಗೆದು ಈ ಒಂದು ಪಟ ತಂದು ಹಾಕಿದ್ರು. ಇನ್ಮೇಲೆ ನಮಗೆ ಗಳಿಗೆ ಇಲ್ಲ, ಮೈಲಿಗೆ ಇಲ್ಲ ಅಂದ್ರು. ನಾನೂ ಸರಿ ಅಂದೆ." ಲಕ್ಷ್ಮಯ್ಯ ತೀರಿಕೊಂಡಾಗ ಅಂಜಮ್ಮನಿಗೆ ನಲವತ್ತೂ ಆಗಿರಲಿಲ್ಲ. ಮಕ್ಕಳಿಲ್ಲ. ಶ್ರೀರಾಂಪುರದ ಒಂದು ರೂಮಿನ ಮನೆ, ಇಲ್ಲಿ ಈ ಅಂಗಡಿ. ನೋಡಿ ಕಲಿತಿದ್ದ ಕೆಲಸಕ್ಕೆ ತಾವೇ ಕೂತರು. ಹೆಂಗಸು ತೊಗಲು ಹೊಲಿಯುತ್ತಾಳೆಂದು ಹೋಗುವವರು ಬರುವವರು ನಿಂತು ನೋಡುತ್ತಿದ್ದರಂತೆ.

ಪ್ರಸ್ಥಾನದ ಗಂಟು ಮೊದಲು ಬಂದದ್ದು ಆಕಸ್ಮಿಕ. ಒಬ್ಬ ವೃದ್ಧರು ರಿಪೇರಿಗೆ ಕೊಟ್ಟ ಚೀಲ ಸಂಜೆಗೆ ಮುಗಿದಿರಲಿಲ್ಲ. ಬೆಳಗಿನ ಜಾವಕ್ಕೆ ಅವರಿಗೆ ಗಳಿಗೆ, ಮಧ್ಯಾಹ್ನ ರಾಹುಕಾಲದಲ್ಲಿ ರೈಲು. ಗಾಬರಿಯಾಗಿ ಕತ್ತಲಲ್ಲೇ ಓಡಿಬಂದವರು ಚೀಲ ಅಂಗಡಿಯಲ್ಲಿ ತೂಗುತ್ತಿದ್ದುದನ್ನು ನೋಡಿ ಅಲ್ಲೇ ನಿಂತುಬಿಟ್ಟರು. ಗಂಟು ಮನೆಯಿಂದ ಆಚೆ ಇದೆ, ಸ್ಟೇಷನ್ನಿನ ದಾರಿಯಲ್ಲೇ ಇದೆ. ಇನ್ನೇನು ಬೇಕು? "ಇಲ್ಲೇ ಇರ್ಲಿ ಬಿಡಮ್ಮ, ನಾನು ಹೊರಟಾಯ್ತು" ಎಂದು ಕೈ ಮುಗಿದು ಹೋದರಂತೆ. ಅವರ ಬಾಯಿಂದ ಬಾಯಿಗೆ ಸುದ್ದಿ ಹೋಯಿತು.

ಈಗಲೂ ಗಂಟು ಕೊಟ್ಟು ಮನೆಗೆ ಹೋಗಿ ತಲೆಗೆ ನೀರು ಹಾಕಿಕೊಳ್ಳುವವರು ಇದ್ದಾರೆ. ಅಂಜಮ್ಮನಿಗೆ ಗೊತ್ತಿಲ್ಲದ್ದಲ್ಲ. "ಮಾಡ್ಕೊಳ್ಳಿ ಬಿಡಿ. ಪ್ರಯಾಣ ಹೊರಡೋರು ಹೆಂಗೂ ಸ್ನಾನ ಮಾಡ್ಲೇಬೇಕಲ್ಲ" ಎಂದು ಸೂಜಿಗೆ ದಾರ ಪೋಣಿಸುತ್ತಾರೆ.

ಅಂಜಮ್ಮ ಯಾವ ಗಂಟನ್ನೂ ಬಿಚ್ಚುವುದಿಲ್ಲ, ನೆಲದ ಮೇಲೆ ಇಡುವುದಿಲ್ಲ, ಬೇರೆಯವರ ಕೈಗೆ ಕೊಡುವುದಿಲ್ಲ. ಗೂಟದಲ್ಲಿ ಗಂಟಿದ್ದರೆ ಅಂಗಡಿ ಬಿಟ್ಟು ದೂರ ಹೋಗುವುದೂ ಇಲ್ಲ. ರೈಲಿನ ಹೊತ್ತಿಗೆ ತಾವೇ ಅದನ್ನು ಹಿಡಿದು ನಡೆದು ಸ್ಟೇಷನ್ನಿಗೆ ಹೋಗಿ, ಪ್ಲಾಟ್‌ಫಾರಮ್ಮಿನಲ್ಲಿ ಬೋಗಿಯ ಬಾಗಿಲ ಬಳಿ ಗಂಟಿನ ಯಜಮಾನರ ಕೈಗೆ ಕೊಟ್ಟು ಬರುತ್ತಾರೆ. ಪಕ್ಕದಲ್ಲಿ ಟೀ ಅಂಗಡಿ ಇಟ್ಟಿರುವ ಮುತ್ತುರಾಜ್ ಅವರಿಗೆ ಇದೇ ತಮಾಷೆ.

"ಅಂಜಕ್ಕ, ಬುದ್ಧನ್ ಫೋಟೋ ಕೆಳಗೆ ಕೂತ್ಕೊಂಡು ರಾಹುಕಾಲದ ಬಿಸಿನೆಸ್ ಮಾಡೋಳು ಇಡೀ ಬೆಂಗಳೂರಲ್ಲಿ ನೀನೊಬ್ಳೆ."

"ರಾಹುಕಾಲ ಅವರದ್ದು ಕಣಪ್ಪ. ಬ್ಯಾಗಷ್ಟೇ ನಂದು. ನಿನ್ ಟೀ ಕುಡ್ದೋರೆಲ್ಲ ನಿನ್ನೇ ನಂಬ್ಕೊಂಡು ಕುಡೀತಾರಾ?"

ಮುತ್ತುರಾಜ್ ನಕ್ಕು ಗ್ಲಾಸು ತೊಳೆಯುತ್ತಾರೆ. ಸಂಜೆ ಅವರ ಅಂಗಡಿಯೂ ಮುಚ್ಚಿದ ಮೇಲೆ ಮೆಟ್ಟಿಲ ಕೆಳಗೆ ಮಾತಾಡುವವರು ಯಾರೂ ಇಲ್ಲ. ಅಂಜಮ್ಮ ಎಷ್ಟೋ ದಿನ ಶ್ರೀರಾಂಪುರಕ್ಕೆ ಹೋಗದೆ ಇಲ್ಲೇ ಚಾಪೆ ಹಾಸುತ್ತಾರೆ. ಯಾಕೆಂದು ಕೇಳಿದರೆ, "ಮನೇಲಿ ನಾನೊಬ್ಳೆ. ಇಲ್ಲಾದ್ರೆ ಯಾರದ್ದಾದ್ರೂ ಬ್ಯಾಗಿರ್ತದೆ" ಎನ್ನುತ್ತಾರೆ. ಇದನ್ನು ಅವರು ಬೇಸರದಿಂದ ಹೇಳುವುದಿಲ್ಲ. ಇನ್ನೊಂದು ಮಾತನ್ನೂ ನನಗೆ ಹಾಗೇ ಹೇಳಿದರು. "ಹೋಗೋರೆಲ್ಲ ನನ್ ಹತ್ರ ಬತ್ತಾರೆ. ಬರೋರು ಯಾರೂ ಬರಲ್ಲ." ಯಾತ್ರೆ ಮುಗಿಸಿ ಬಂದವರು ಸ್ಟೇಷನ್ನಿನಿಂದ ನೇರವಾಗಿ ಆಟೋದಲ್ಲಿ ಮನೆಗೆ ಹೋಗುತ್ತಾರೆ. ಪ್ರಸಾದವನ್ನು ನೆಂಟರಿಗೆ ಹಂಚುತ್ತಾರೆ. ಗಂಟು ಊರು ಮುಟ್ಟಿತೋ, ದರ್ಶನ ಆಯಿತೋ, ಅಂಜಮ್ಮನಿಗೆ ತಿಳಿಯುವುದಿಲ್ಲ. ತಿಳಿಸಬೇಕೆಂದು ಯಾರಿಗೂ ಹೊಳೆಯುವುದೂ ಇಲ್ಲ.

ಬಂದು ಹೇಳುತ್ತೇನೆ ಎಂದವರು ಒಬ್ಬರೇ. ಅವರ ಖಾಕಿ ಕ್ಯಾನ್ವಾಸಿನ ಚೀಲ ಕೊನೆಯ ಗೂಟದಲ್ಲಿ ತೂಗುತ್ತಿದೆ. ಚೂಡಾಮಣಿಯವರ ಚೀಲ ಬಂದ ಈ ಶ್ರಾವಣಕ್ಕೆ ಅದು ಅಲ್ಲಿಗೆ ಬಂದು ಆರು ತಿಂಗಳಾಗಿದೆ.

ರಾಮಸ್ವಾಮಿಯವರು ಡ್ರಾಯಿಂಗ್ ಮೇಷ್ಟ್ರಾಗಿದ್ದು ನಿವೃತ್ತರಾದವರು. ಮದುವೆಯಾದವರಲ್ಲ. ಮಲ್ಲೇಶ್ವರದ ಒಂದು ಮನೆಯ ಹಿತ್ತಿಲ ಕಡೆಯ ಬಾಡಿಗೆ ರೂಮಿನಲ್ಲಿ ಇದ್ದರು. ಖಾಕಿ ಚೀಲದ ಪಟ್ಟಿ ಹೊಲಿಸಲು ಬಂದವರು ಅಲ್ಲಿದ್ದ ಮಣೆಯ ಮೇಲೆ ಕೂತರು. ಆಮೇಲೆ ಕೆಲಸವಿಲ್ಲದಿದ್ದರೂ ವಾರಕ್ಕೊಮ್ಮೆ ಬಂದು ಕೂರುವುದು ರೂಢಿಯಾಯಿತು. ಅವರ ಮಾತು ಒಂದೇ, ಕಂಚಿಗೆ ಹೋಗುವುದು. ಕಂಚಿಯ ವರದರಾಜಸ್ವಾಮಿ ಗುಡಿಯಲ್ಲಿ ನೂರು ಕಂಬದ ಮಂಟಪವಿದೆ, ಅದರ ಮೂಲೆಯಲ್ಲಿ ಕಲ್ಲಿನಲ್ಲೇ ಕಡೆದ ಸರಪಳಿ ತೂಗುತ್ತದೆ. ಅದರ ಮುಂದೆ ಕೂತು ಒಂದು ಚಿತ್ರ ಬರೆಯಬೇಕು. ಮಕ್ಕಳಿಗೆ ಜನ್ಮವೆಲ್ಲ ಪುಸ್ತಕದ ಚಿತ್ರ ನೋಡಿ ಬರೆಸಿದ್ದಾಯಿತು, ಒಂದನ್ನಾದರೂ ಕಲ್ಲು ನೋಡಿ ಬರೆಯಬೇಕು. ಅವರ ಆಸೆ ಅಷ್ಟೆ.

"ನಿಮ್ಮ ಬುದ್ಧನೂ ಒಂದು ಕಾಲದಲ್ಲಿ ಕಂಚೀಲಿ ಇದ್ದ ಅಂಜಮ್ಮ. ದೊಡ್ಡ ದೊಡ್ಡ ವಿಹಾರಗಳಿದ್ವಂತೆ" ಎಂದಿದ್ದರು ಒಮ್ಮೆ.

"ಹಂಗಾದ್ರೆ ನೀವೇ ಹೋಗ್ಬಂದು ಹೇಳಿ ಸಾಮಿ, ಇನ್ನೂ ಅಲ್ಲೇ ಅವ್ನಾ ಅಂತ."

"ಬಂದು ಹೇಳ್ತೀನಿ. ಸ್ಟೇಷನ್ನಿಂದ ಮೊದಲು ಇಲ್ಲಿಗೇ ಬರ್ತೀನಿ."

ಜೊತೆಗೆ ಹೋಗುವವರು ಯಾರೂ ಇಲ್ಲದ ಮನುಷ್ಯನಿಗೆ ಯೋಜನೆ ಹಾಕುವುದೇ ಒಂದು ಸಂಸಾರ. ಯಾವ ಗಾಡಿ, ಎಲ್ಲಿ ಇಳಿಯುವುದು, ಎಲ್ಲಿ ಏನು ತಿನ್ನುವುದು, ಯಾವ ತಿಂಗಳಲ್ಲಿ ಬಿಸಿಲು ಕಮ್ಮಿ. ಕೇಳುವುದಕ್ಕೆ ಅಂಜಮ್ಮ ಇದ್ದರು. ಒಂದು ದಿನ ಮೇಷ್ಟ್ರು ಜೇಬಿನಿಂದ ಸೀಮೆಸುಣ್ಣ ತೆಗೆದು, ಮೆಟ್ಟಿಲಿನ ಕೆಳಭಾಗಕ್ಕೆ, ಅಂದರೆ ಅಂಗಡಿಯ ಸೂರಿಗೇ ದಾರಿ ಬರೆದರು. ರೈಲು ಹಳಿಯನ್ನು ಬಳ್ಳಿಯ ಹಾಗೆ ಎಳೆದು ಸ್ಟೇಷನ್ನುಗಳನ್ನು ಎಲೆ ಮಾಡಿದರು. ಅಂಜಮ್ಮನಿಗೆ ಓದು ಅಷ್ಟಕ್ಕಷ್ಟೇ ಎಂದು ಎಲೆಯ ಪಕ್ಕದಲ್ಲಿ ಗುರುತು. ಜೋಲಾರಪೇಟೆಗೆ ಒಂದು ವಡೆ, ಕಾಟ್ಪಾಡಿಗೆ ಒಂದು ಕೋಟೆ, ಅರಕ್ಕೋಣಕ್ಕೆ ಒಂದು ಜೊತೆ ಚಪ್ಪಲಿ. ಅಲ್ಲಿ ಇಳಿದು ಪ್ಯಾಸೆಂಜರ್ ಗಾಡಿ ಹಿಡಿಯಬೇಕು ಎಂದು ಅದರ ಅರ್ಥ. ಅಲ್ಲಿಂದ ಬಳ್ಳಿ ಕೆಳಕ್ಕೆ ತಿರುಗಿ ತುದಿಯಲ್ಲಿ ಒಂದು ಗೋಪುರ. ಸೀಮೆಸುಣ್ಣ ಈಗ ಮಾಸಿದೆ. ಚಪ್ಪಲಿ ಮಾತ್ರ ಚೆನ್ನಾಗಿ ಕಾಣುತ್ತದೆ.

ಕಡೆಗೊಂದು ಭಾನುವಾರದ ಬೆಳಗಿನ ಮದ್ರಾಸ್ ಗಾಡಿಗೆ ಮೇಷ್ಟ್ರು ಟಿಕೆಟ್ ಮಾಡಿಸಿದರು. ಭಾನುವಾರ ಅವರ ನಕ್ಷತ್ರಕ್ಕೆ ಸರಿಯಿರಲಿಲ್ಲ. ಹಾಗಾಗಿ ಶುಕ್ರವಾರ ಬೆಳಿಗ್ಗೆ ಚೀಲ ತಂದು ಅಂಜಮ್ಮನ ಕೈಗೆ ಕೊಟ್ಟರು. ಮಾಘ ಮಾಸದ ಚಳಿ, ಮಫ್ಲರು ಕಿವಿಗೆ ಸುತ್ತಿದ್ದರು. "ಹೊರಟೆ ಅಂಜಮ್ಮ" ಎಂದರಂತೆ. ಹೊಸದಾಗಿ ಸ್ಕೂಲಿಗೆ ಸೇರಿದ ಮಗುವಿನ ಹಾಗಿತ್ತು ಮುಖ ಎನ್ನುತ್ತಾರೆ ಅಂಜಮ್ಮ.

ಭಾನುವಾರ ಚೀಲ ಹಿಡಿದು ಅವರು ಪ್ಲಾಟ್‌ಫಾರಮ್ಮಿನಲ್ಲಿ ನಿಂತರು. ಗಾಡಿ ಬಂತು, ನಿಂತಿತು, ಹೋಯಿತು. ಮೇಷ್ಟ್ರು ಬರಲಿಲ್ಲ.

"ಮನಸ್ಸಲ್ಲೇ ಬೈಕೊಂಡೆ. ಇಷ್ಟ್ ವರ್ಷ ಪ್ಲಾನ್ ಹಾಕಿ ಕೊನೇಗೆ ನಿದ್ದೆ ಹೋದ್ರಲ್ಲಾ ಅಂತ. ಸರಿ, ಇನ್ನೊಂದು ಗಾಡಿಗೆ ಹತ್ತಿಸೋಣ ಅಂತ ಬ್ಯಾಗು ಹಿಡ್ಕೊಂಡೇ ಮಲ್ಲೇಶ್ವರಕ್ಕೆ ನಡ್ದೆ."

ಅವರ ಬೀದಿಯ ತಿರುವಿಗೆ ಬಂದಾಗ ಅಂಜಮ್ಮನಿಗೆ ಎರಡು ವಿಷಯ ಒಟ್ಟಿಗೆ ಹೊಳೆದವು. ಕೈಯಲ್ಲಿರುವುದು ಪ್ರಸ್ಥಾನದ ಗಂಟು, ಅದು ಆ ಮನೆಗೆ ವಾಪಸು ಹೋಗಕೂಡದು. ಇನ್ನೊಂದು, ಆ ಮನೆಯ ಮುಂದೆ ಬೆಂಕಿ ಹಾಕಿದ್ದರು. ಹೂವಿನ ಬುಟ್ಟಿ ಹೊತ್ತು ಬಂದ ಹೆಂಗಸೊಬ್ಬಳು ಹೇಳಿದಳು: "ಡ್ರಾಯಿಂಗ್ ಮೇಷ್ಟ್ರು ಹೋಗ್ಬಿಟ್ರಂತೆ. ಮಲಗಿದ್ದೋರು ಹಂಗೇ."

ಚೀಲ ಕೆಳಗಿಡುವ ಹಾಗಿಲ್ಲ. ಗುರುತಿಲ್ಲದವರ ಕೈಗೆ ಕೊಡುವ ಹಾಗಿಲ್ಲ. ಹಿಡಿದುಕೊಂಡು ಮುಂದೆ ಹೋಗುವ ಹಾಗೂ ಇಲ್ಲ. ಅಂಜಮ್ಮ ತಿರುವಿನಲ್ಲಿ ಒಂದು ಹೊಂಗೆ ಮರದ ಕೆಳಗೆ ನಿಂತುಕೊಂಡರು. ಚಾಮರಾಜಪೇಟೆಯಿಂದ ಮೇಷ್ಟ್ರ ಅಕ್ಕನ ಮಗ ಕಶ್ಯಪ್ ಬಂದರು, ಪುರೋಹಿತರು ಬಂದರು, ವ್ಯಾನು ಬಂತು. ವ್ಯಾನು ಹೊರಟಾಗ ಆಚೆ ಕಡೆಗೆ ತಿರುಗಿ ಹೋಯಿತು. ಅಂಜಮ್ಮ ನಿಂತ ಕಡೆಗೆ ಬರಲಿಲ್ಲ.

"ಮುಖ ನೋಡ್ಲಿಲ್ಲ ಅಮ್ಮಾ ನಾನು. ಬ್ಯಾಗ್ ಇಲ್ದಿದ್ರೆ ಹೋಗಿ ನೋಡ್ತಿದ್ದೆ."

ಇದನ್ನು ಹೇಳುವಾಗ ಅವರು ಒಂದು ಜಿಪ್ಪಿಗೆ ಮೇಣ ಉಜ್ಜುತ್ತಿದ್ದರು. ಉಜ್ಜುವುದನ್ನು ನಿಲ್ಲಿಸಲಿಲ್ಲ.

ಕ್ರಿಯೆಗಳೆಲ್ಲ ಮುಗಿದ ಮೇಲೆ ಕಶ್ಯಪ್ ಸ್ಕೂಟರಿನಲ್ಲಿ ಅಂಗಡಿಗೆ ಬಂದಿದ್ದರು. ಕಚೇರಿಯಲ್ಲಿ ಗುಮಾಸ್ತರು, ತಗ್ಗಿದ ದನಿಯ ಮನುಷ್ಯ.

"ನಮ್ಮ ಮಾವ ಇಲ್ಲಿ ಬ್ಯಾಗ್ ಇಟ್ಟಿದ್ರಂತೆ. ನಮಗೇನೂ ಬೇಡಮ್ಮ ಅದು. ಯಾರಿಗಾದ್ರೂ ಕೊಟ್ಬಿಡಿ."

"ಕಂಚಿಗೆ ಅಂತ ಇಟ್ಟಿದ್ದು ಸಾರ್."

"ಅವರೇ ಇಲ್ವಲ್ಲ. ಪ್ರಸ್ಥಾನವೂ ಅಲ್ಲಿಗೆ ಮುಗೀತು ಅಂತ್ಲೇ ಲೆಕ್ಕ. ಅವರು ಹೋದ ಜಾಗಕ್ಕೆ ಬ್ಯಾಗ್ ಬೇಕಿಲ್ಲ."

"ಅವರು ಹೋದ್ರು ಸಾರ್. ಇದು ಇನ್ನೂ ಹೋಗಿಲ್ವಲ್ಲ."

ಕಶ್ಯಪ್ ಕೈ ಮುಗಿದು ಹೋದರು. "ಕೆಟ್ಟೋರಲ್ಲ ಪಾಪ. ಎಲ್ಲಾ ಕಾರ್ಯಾನೂ ಅವರೇ ನಿಂತು ಮಾಡಿದ್ರು" ಎನ್ನುತ್ತಾರೆ ಅಂಜಮ್ಮ.

ಬೇಸಿಗೆಯಲ್ಲಿ ಚೂಡಾಮಣಿಯವರ ಮನೆಯವರೇ ಕಂಚಿಗೆ ಹೊರಟಿದ್ದರು. ಅಂಜಮ್ಮ ಜೀವಮಾನದಲ್ಲಿ ಮೊದಲ ಸಲ ಗಿರಾಕಿಯ ಹತ್ತಿರ ಏನನ್ನೋ ಕೇಳಿದರು, ಈ ಚೀಲವನ್ನೂ ಒಯ್ಯಿರಿ ಎಂದು. ಚೂಡಾಮಣಿಯವರು ಮೊದಲು ಆಗಲಿ ಅಂದರು. ಮಾರನೆಯ ದಿನ ಬಂದು ಸೆರಗು ತಿರುಚುತ್ತ ನಿಂತರು.

"ತಪ್ಪು ತಿಳ್ಕೋಬೇಡ ಕಣೇ. ಹೋದವರ ಗಂಟು ಜೊತೇಲಿಟ್ಕೊಂಡು ಯಾತ್ರೆ ಮಾಡೋದು ಹ್ಯಾಗೆ? ಮನೇಲಿ ಎಲ್ಲರೂ ಬೇಡ ಅಂತಿದಾರೆ."

"ಬಿಡಿ ಅಮ್ಮಾ" ಎಂದು ಅಂಜಮ್ಮ ಚೀಲವನ್ನು ಮತ್ತೆ ಅದೇ ಗೂಟಕ್ಕೆ ಹಾಕಿದರು. ಬೇರೆ ಇಬ್ಬರು ಮೂವರನ್ನೂ ಕೇಳಿದರು. ಯಾರೂ ಒಪ್ಪಲಿಲ್ಲ.

ನಿಮಗೆ ಇದರಲ್ಲೆಲ್ಲ ನಂಬಿಕೆಯಿಲ್ಲ, ಮತ್ಯಾಕೆ ಇಷ್ಟು ಕಷ್ಟ ಎಂದು ಕೇಳಿದೆ. ಅಂಜಮ್ಮ ಯಂತ್ರದ ಚಕ್ರದ ಮೇಲೆ ಕೈಯಿಟ್ಟು ನಿಲ್ಲಿಸಿದರು. "ನಂಗಿಲ್ಲ ಅಮ್ಮಾ, ನಿಜ. ಅವರಿಗಿತ್ತಲ್ಲ. ಅವರ ಲೆಕ್ಕದಲ್ಲಿ ಅವರು ಶುಕ್ರವಾರಾನೇ ಹೊರಟವ್ರೆ. ಕಂಚೀಗೂ ಹೋಗಿಲ್ಲ, ಮನೇಗೂ ಹೋಗಂಗಿಲ್ಲ. ನನ್ ಗೂಟದಲ್ಲಿ ನೇತಾಡ್ತಾವ್ರೆ."

ಹಾಗಾಗಿ ತಾವೇ ಒಯ್ಯುವುದೆಂದು ನಿರ್ಧಾರ ಮಾಡಿದ್ದಾರೆ. ಶ್ರೀರಾಂಪುರದಲ್ಲಿ ಹುಟ್ಟಿ ರೈಲಿನ ಸದ್ದು ಕೇಳುತ್ತಲೇ ಬೆಳೆದವರು, ಪ್ಲಾಟ್‌ಫಾರಮ್ಮಿಗೆ ದಿನ ಬಿಟ್ಟು ದಿನ ಹೋಗುವವರು. ಆದರೆ ಇದುವರೆಗೆ ರೈಲು ಹತ್ತಿಲ್ಲ. ಹತ್ತುವ ಕಾರಣ ಬರಲಿಲ್ಲ ಎನ್ನುತ್ತಾರೆ.

ನಿರ್ಧಾರ ಮಾಡುವುದು ಸುಲಭವಾಗಿತ್ತು, ಹೊರಡುವುದು ಆಗುತ್ತಿಲ್ಲ. ಬೇರೆಯವರ ಒಂದು ಗಂಟು ಗೂಟದಲ್ಲಿದ್ದರೂ ಅಂಗಡಿ ಬಿಡುವಂತಿಲ್ಲ. ವೈಶಾಖದಲ್ಲಿ ಹೊರಡಬೇಕೆಂದಾಗ ಬಸವನಗುಡಿಯಿಂದ ಒಬ್ಬರು ಚೀಲ ತಂದರು. ಆಷಾಢದಲ್ಲಿ ಯಾರೂ ಬರಲಾರರು ಎಂದುಕೊಂಡರೆ ಏಕಾದಶಿಗೆ ಪಂಢರಪುರಕ್ಕೆ ಹೊರಟ ಗಂಡಹೆಂಡತಿ ಎರಡು ಚೀಲ ತಂದರು. ಈಗ ಶ್ರಾವಣ, ಮಂತ್ರಾಲಯದವರು. ಮೊದಲಾದರೆ ಎಲ್ಲ ಗೂಟವೂ ತುಂಬಿರುತ್ತಿತ್ತು. ಈಗ ಪ್ರಸ್ಥಾನ ಇಡುವವರು ಕಮ್ಮಿ, ಬಸ್ಸಿನಲ್ಲಿ ರಾತ್ರೋರಾತ್ರಿ ಹೋಗಿ ಬರುವವರೇ ಜಾಸ್ತಿ. ಆದರೂ ಪೂರ್ತಿ ಖಾಲಿ ಎನ್ನುವ ದಿನ ಸಿಗುತ್ತಿಲ್ಲ.

"ಎರಡು ದಿನ ಅಂಗಡಿ ಮುಚ್ಚಿದೀನಿ ಅಂತ ಬೋರ್ಡ್ ಹಾಕು, ಆಯ್ತಲ್ಲ" ಎಂದರು ಮುತ್ತುರಾಜ್.

"ಕತ್ತಲಲ್ಲಿ ಗಳಿಗೆ ನೋಡ್ಕೊಂಡು ಅಷ್ಟು ದೂರದಿಂದ ಬಂದೋರು, ಬೋರ್ಡ್ ನೋಡಿ ಬ್ಯಾಗು ಎಲ್ಲಿ ಇಡ್ತಾರೆ? ಮನೇಗಂತೂ ತಗೊಂಡ್ ಹೋಗಂಗಿಲ್ಲ. ನಿನ್ ಬೆಂಚ್ ಮೇಲಾ?"

"ಇಡ್ಲಿ, ನಾನು ನೋಡ್ಕೋತೀನಿ."

"ನೀನು ಬ್ಯಾಗ್ ಮೇಲೆ ಬನ್ ಇಡ್ತೀಯ" ಎಂದರು ಅಂಜಮ್ಮ. ಅಲ್ಲಿಗೆ ಆ ಮಾತು ಮುಗಿಯಿತು.

ಗಣೇಶನ ಹಬ್ಬ ಮುಗಿದು ಬೀದಿಯ ಚಪ್ಪರಗಳನ್ನು ಬಿಚ್ಚುತ್ತಿದ್ದ ದಿನ ನಾನು ಹೋದಾಗ ಅಂಜಮ್ಮ ಬೇರೆಯೇ ಉತ್ಸಾಹದಲ್ಲಿದ್ದರು. ಹುಣ್ಣಿಮೆ ಕಳೆದರೆ ಪಿತೃಪಕ್ಷ. ಆ ಹದಿನೈದು ದಿನ ಮಡಿವಂತರ ಮನೆಗಳಲ್ಲಿ ಒಳ್ಳೆಯ ಕೆಲಸ ಶುರುಮಾಡುವುದಿಲ್ಲ, ಯಾತ್ರೆಗೆ ಗಳಿಗೆ ನೋಡುವುದಿಲ್ಲ. ಅಂದರೆ ಯಾರೂ ಗಂಟು ತರುವುದಿಲ್ಲ. ಇಷ್ಟು ವರ್ಷ ಅದು ಅಂಜಮ್ಮನಿಗೆ ಕೈ ಖಾಲಿ ಕೂರುವ ಕಾಲವಾಗಿತ್ತು. ಎಷ್ಟೋ ಸಲ ಯಾರೂ ಬಾರದ ಬೆಳಗಿನಲ್ಲೂ ಹಲಗೆ ತೆಗೆದು, ಗೂಟ ಒರೆಸಿ, ಬೆಳಕಾಗುವವರೆಗೆ ಸುಮ್ಮನೆ ಕೂತಿರುತ್ತಿದ್ದರಂತೆ.

"ಪಕ್ಷಮಾಸದಲ್ಲಿ ಯಾರಾದ್ರೂ ಪ್ರಯಾಣ ಹೊರಡ್ತಾರಾ ಅಂತ ಎಲ್ಲಾ ಬೈತಾವ್ರೆ. ಅದಕ್ಕೇ ಕಣಮ್ಮ ನಾನು ಹೊರಡ್ತಿರೋದು!"

ಟಿಕೆಟ್ ಮಾಡಿಸಲು ನಾನೂ ಜೊತೆಗೆ ಹೋಗಿದ್ದೆ. ಕೌಂಟರಿನ ಒಳಗಿದ್ದವರು ತಲೆಯೆತ್ತದೆ ಕೇಳಿದರು, "ಎಷ್ಟು ಜನ?"

ಅಂಜಮ್ಮ ಒಂದು ಗಳಿಗೆ ತಡೆದರು. "ಒಬ್ಳೆ" ಎಂದರು.

"ಎಲ್ಲಿಗೆ?"

"ಅರಕ್ಕೋಣ. ಅಲ್ಲಿ ಇಳ್ದು ಪ್ಯಾಸೆಂಜರ್ ಹಿಡೀಬೇಕು. ಕಂಚಿಗೆ."

"ವಾಪಸು ಯಾವತ್ತು?"

ಅದನ್ನು ಅವರು ಯೋಚಿಸಿರಲಿಲ್ಲ. ನನ್ನ ಮುಖ ನೋಡಿದರು. ಮಾರನೆಯ ದಿನದ್ದೇ ಇರಲಿ ಎಂದೆ. ಹೊರಗೆ ಬಂದ ಮೇಲೆ ಟಿಕೆಟ್ಟನ್ನು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತ, "ವಾಪಸ್ ಬರೋದು ಅಂತ ಒಂದು ಐತಲ್ಲ! ನಾನು ಹೋಗೋದ್ರ ಬಗ್ಗೇನೇ ಯೋಚ್ನೆ ಮಾಡ್ತಿದ್ದೆ" ಎಂದು ನಕ್ಕರು.

ಕಂಚಿಯಲ್ಲಿ ಏನು ಮಾಡಬೇಕೆಂಬುದು ಮಾತ್ರ ಅವರಿಗೆ ಸ್ಪಷ್ಟವಾಗಿದೆ. ಸ್ಟೇಷನ್ನಿನಿಂದ ನೇರವಾಗಿ ವರದರಾಜಸ್ವಾಮಿ ಗುಡಿ. ಒಳಗೆ ಪೂಜೆಗೆ ಹೋಗುವುದಿಲ್ಲ. ನೂರು ಕಂಬದ ಮಂಟಪದಲ್ಲಿ ಕಲ್ಲಿನ ಸರಪಳಿ ಎಲ್ಲಿದೆ ಎಂದು ಕೇಳಿ, ಅದರ ಎದುರಿಗೆ ಚೀಲ ತೊಡೆಯ ಮೇಲಿಟ್ಟುಕೊಂಡು ಕೂರುವುದು. "ಚಿತ್ರ ಬರೆಯೋಕೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕೂತಿರ್ತೀನಿ. ಅವಸರ ಏನೈತೆ?" ಆಮೇಲೆ ಚೀಲವನ್ನು ಅಲ್ಲೇ ಯಾರಾದರೂ ಇಲ್ಲದವರಿಗೆ ಕೊಟ್ಟುಬಿಡುವುದು. ಒಳಗೆ ಬಟ್ಟೆ ಇರಬಹುದು, ಬಣ್ಣ ಇರಬಹುದು. ತಾವು ನೋಡಿಲ್ಲ. ಊರು ಮುಟ್ಟಿದ ಮೇಲೆ ಯಾರು ಬಿಚ್ಚಿದರೂ ತಪ್ಪಿಲ್ಲ. ರಾತ್ರಿಗೆ ಸ್ಟೇಷನ್ನಿನ ಬೆಂಚು.

ಹೊರಡುವ ಹಿಂದಿನ ಸಂಜೆ ಅಂಗಡಿಯ ಗೂಟಗಳೆಲ್ಲ ಖಾಲಿ, ಕೊನೆಯದೊಂದು ಬಿಟ್ಟು. ಅಂಜಮ್ಮ ಯಂತ್ರಕ್ಕೆ ಬಟ್ಟೆ ಮುಚ್ಚುತ್ತಿದ್ದರು. ಆಟೋ ನಿಂತ ಸದ್ದಾಯಿತು. ಚೂಡಾಮಣಿಯವರು ಇಳಿದರು, ಕೈಯಲ್ಲೊಂದು ಚೀಲ. ಅಂಜಮ್ಮನ ಮುಖ ಇಳಿದುಹೋಯಿತು. ಆದರೂ ಕೈಗಳು ತಾವಾಗಿಯೇ ಮುಂದೆ ಬಂದವು.

"ಅಯ್ಯೋ, ಪ್ರಸ್ಥಾನ ಅಲ್ಲ ಕಣೇ, ಹೆದರ್ಕೋಬೇಡ! ಪಕ್ಷಮಾಸದಲ್ಲಿ ಯಾರು ಇಡ್ತಾರೆ? ಪುಳಿಯೋಗರೆ. ನಾಳೆ ಸಂಜೆವರೆಗೂ ಕೆಡಲ್ಲ. ಅರಕ್ಕೋಣದಲ್ಲಿ ಗಾಡಿ ಕಾಯೋವಾಗ ತಿನ್ನು, ಬಿಸಿಲಲ್ಲಿ ಸುಮ್ನೆ ನಿಂತ್ಕೋಬೇಡ." ಚೀಲದಿಂದ ಡಬ್ಬಿ ತೆಗೆದು ಅಂಜಮ್ಮನ ಕೈಯಲ್ಲಿಟ್ಟು ಆ ಕೈಯನ್ನು ಒಂದು ಕ್ಷಣ ಹಿಡಿದೇ ಇದ್ದರು. "ನಾವು ಒಯ್ಯಬಹುದಿತ್ತು. ಧೈರ್ಯ ಬರ್ಲಿಲ್ಲ."

"ಅದಕ್ಯಾಕೆ ಬೇಜಾರು ಮಾಡ್ಕೋತೀರಿ. ನೀವು ಒಯ್ದಿದ್ರೆ ನಾನು ರೈಲು ಹತ್ತೋದು ಯಾವಾಗ?"

ಇವತ್ತು ಬೆಳಗಿನ ಪ್ಲಾಟ್‌ಫಾರಮ್ಮಿನಲ್ಲಿ ಜನ ಕಮ್ಮಿ. ಇಲ್ಲಿಯ ಹಮಾಲರಿಗೆ ಅಂಜಮ್ಮ ಗೊತ್ತು. ರೇವಣಸಿದ್ದಯ್ಯ ಎಂಬ ಹಿರಿಯ ಹಮಾಲರು ಖಾಕಿ ಚೀಲ ನೋಡಿ, "ಯಾರ್ ಬತ್ತಾವ್ರೆ ಇವತ್ತು?" ಎಂದು ಕೇಳುತ್ತಾರೆ.

"ಯಾರೂ ಇಲ್ಲ. ನಾನೇ."

ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯುತ್ತದೆ. ಆಮೇಲೆ ಜನರನ್ನು ಸರಿಸಿ ದಾರಿ ಮಾಡಿಕೊಡುತ್ತಾರೆ. ಅಂಜಮ್ಮ ಬೋಗಿಯ ಮೆಟ್ಟಿಲ ಮುಂದೆ ಚಪ್ಪಲಿ ಬಿಡಲು ಹೋಗಿ, ಬಿಡಬೇಕಾಗಿಲ್ಲ ಎಂದು ನೆನಪಾಗಿ, ಹತ್ತುತ್ತಾರೆ.

ನಾನು ಹೊರಗಿನಿಂದ ಕಿಟಕಿ ಕಿಟಕಿ ನೋಡುತ್ತ ಹೋಗಿ ಅವರನ್ನು ಹುಡುಕುತ್ತೇನೆ. ಅವರ ಸೀಟು ಕಿಟಕಿಯ ಪಕ್ಕದ್ದೇ. ಆದರೆ ಅಲ್ಲಿ ಬೇರೆ ಹೆಂಗಸೊಬ್ಬರು ಕೂತಿದ್ದಾರೆ, ಅಂಜಮ್ಮ ನಡುವೆ ಕೂತಿದ್ದಾರೆ. ಚೀಲ ತೊಡೆಯ ಮೇಲಿದೆ, ಎರಡೂ ಕೈ ಅದರ ಮೇಲಿವೆ. ಆ ಹೆಂಗಸು ಒಳ್ಳೆಯವರು, ಎದ್ದು ಜಾಗ ಬಿಡಲು ನೋಡುತ್ತಾರೆ. ಅಂಜಮ್ಮ ಕೂತಿರಿ ಕೂತಿರಿ ಎನ್ನುತ್ತಿದ್ದಾರೆ.

"ಮೊದಲ ಸಲ ಹೋಗ್ತಿದೀರಿ, ಕಿಟಕಿ ಹತ್ರ ಕೂತ್ಕೊಳ್ಳಿ" ಎಂದು ನಾನೂ ಸರಳುಗಳ ನಡುವಿನಿಂದ ಹೇಳುತ್ತೇನೆ.

"ಈಗ ಬೇಡ ಅಮ್ಮಾ. ಆಚೆ ನೋಡ್ತಾ ಕೂತ್ರೆ ಇದ್ರ ಮೇಲೆ ಗ್ಯಾನ ಇರಲ್ಲ." ಗಾಡಿ ಕದಲುತ್ತದೆ. ಅಂಜಮ್ಮ ಕುತ್ತಿಗೆ ಮುಂದೆ ಚಾಚಿ, ಗಾಡಿಯ ಸದ್ದಿನ ಮೇಲೆ ಕೇಳಿಸುವ ಹಾಗೆ ಕೂಗಿ ಹೇಳುತ್ತಾರೆ. "ಬರೋವಾಗ ಕೈ ಖಾಲಿ ಇರ್ತದಲ್ಲ, ಆಗ ಕೂತ್ಕೋತೀನಿ. ದಾರಿ ಪೂರ್ತಿ ನೋಡ್ಕೊಂಡು ಬತ್ತೀನಿ."